ಆರು ಹುಟ್ಟುಗಳು

ಏಪ್ರಿಲ್‌ನಲ್ಲಿ ನಿನ್ನ ತೊಡೆಮೂಳೆಯ ತಲೆಯನ್ನೇ
ಗರಗಸದಲ್ಲಿ ಕೊಯ್ದು ತೆಗೆದರು, ಸಮ್ಮಲ್, ನನ್ನ ಪಾಚಿಯೇ.
ನಾನೂ ಗರಗಸದವನೇ. ಸಾರೆಮಾ ದ್ವೀಪದಲ್ಲಿ
ಐವತ್ತು ವರ್ಷ ದೋಣಿ ಕಟ್ಟಿದವನು.
ಕೊಯ್ದ ಜಾಗದಲ್ಲಿ ಇನ್ನೊಂದನ್ನು ಕೂರಿಸಬೇಕು,
ಅದು ಕಸುಬಿನ ನಿಯಮ.
"ಏನು ಕೂರಿಸಿದಿರಿ?" ಅಂತ ಕೇಳಿದೆ.
"ಏನೂ ಇಲ್ಲ," ಅಂದರು ಡಾಕ್ಟರು.
"ನಡೆಸಿ. ನಡೆದರೆ ಅಲ್ಲೊಂದು ಕೀಲು ತಾನೇ ಹುಟ್ಟುತ್ತದೆ,
ಮಾಂಸದ್ದು, ನಾರಿನದ್ದು. ನಡೆಸದಿದ್ದರೆ ಇಲ್ಲ."

ನಾನು ನಂಬಲಿಲ್ಲ. ಬೆಣೆಯಿಲ್ಲದ ಜೋಡಣೆಯನ್ನು
ಯಾವ ದೋಣಿಗಾರ ನಂಬುತ್ತಾನೆ?

ಮೊದಲ ವಾರ ಹೆಲ್ವೆಯ ಉಣ್ಣೆಯ ಶಾಲು
ನಿನ್ನ ಹೊಟ್ಟೆಯಡಿ ತೊಟ್ಟಿಲಾಯಿತು,
ಎರಡೂ ತುದಿ ನನ್ನ ಮುಷ್ಟಿಯಲ್ಲಿ.
"ಅಮ್ಮ ನನ್ನ ಮದುವೆಗೆ ಹೆಣೆದದ್ದು ಅದು," ಎಂದಳು.
ಸಂಜೆ ತಾನೇ ಒಗೆದು ಒಲೆಯ ಮೇಲೆ ಹರವಿದಳು.
ಹರವುತ್ತ ಮತ್ತೊಮ್ಮೆ ಬೈದಳು.

ವ್ಯಾಯಾಮ ಕಲಿಸಲು ಪೇಟೆಯಿಂದ ಬಂದವಳು ತ್ರೀನು.
ಮೊಮ್ಮಗಳ ವಯಸ್ಸು, ಮೀನುಗಾರನ ಬೂಟು,
ಕೈ ಮಾತ್ರ ಹಿಟ್ಟು ನಾದುವವಳದು.
ಕೂರಿಸಿ, ಏಳಿಸಿ, ಐದು ಸಲ. ಸೊಟ್ಟಗೆ ಕೂತರೆ ಲೆಕ್ಕಕ್ಕಿಲ್ಲ.
ಬಾಲ ನೋಡಿ, ಮುಖ ನೋಡಬೇಡಿ,
ನಿಮ್ಮನ್ನು ಖುಷಿಪಡಿಸಲು ಅವಳು ಮುಖದಲ್ಲಿ ಸುಳ್ಳು ಹೇಳುತ್ತಾಳೆ.
ಮತ್ತೆ, ನೆಲದಲ್ಲಿ ಕೋಲುಗಳನ್ನಿಟ್ಟು ದಾಟಿಸಿ. ಅರ್ಧ ಗೇಣು ಸಾಕು.

ಕೋಲು ಎಲ್ಲಿಂದ ತರಲಿ? ಗೋಡೆಗೆ ಒರಗಿದ್ದವು
ಪಕ್ಕದ ಮುಹು ದ್ವೀಪದ ಎಂಡೆಲ್ ಹೇಳಿ ಮಾಡಿಸಿದ
ಆರು ಹುಟ್ಟುಗಳು, ವಾರ್ನಿಶ್ ಕಾಣದ ಪೈನ್ ಮರದವು.
ಇಟ್ಟಿಗೆಗಳ ಮೇಲೆ ಮಲಗಿಸಿದೆ,
ನಡುವೆ ನಿನ್ನ ಮೈಯಷ್ಟು ಜಾಗ ಬಿಟ್ಟು.

ಮೊದಲನೆಯದು ಕಾಲು ತಗುಲಿ ಉರುಳಿತು.
ಎರಡನೆಯದನ್ನು ಪಕ್ಕದಿಂದ ಸುತ್ತಿ ಹೋದೆ, ಕಳ್ಳಿ.
ಮೂರನೆಯದರ ಎದುರು ನಿಂತುಬಿಟ್ಟೆ,
ನನ್ನ ಜೇಬಿನ ಹೊಗೆಮೀನಿನ ಬಗ್ಗೆ ಯೋಚಿಸುತ್ತ.
ಒಂದು ಹುಟ್ಟು ದಾಟಲು ಒಂದು ಬೆಳಿಗ್ಗೆ ಪೂರ್ತಿ.
ಇನ್ನೂ ನೀರಿಗೇ ಇಳಿಯದ ಹುಟ್ಟುಗಳು
ಆಗಲೇ ಯಾರನ್ನೋ ದಡ ಸೇರಿಸುವ ಕೆಲಸಕ್ಕೆ ಬಿದ್ದಿದ್ದವು.

ಜೂನ್ ಬಂತು. ನಮ್ಮದು ಬಡಾಯಿಯ ಕಡಲಲ್ಲ,
ಅರ್ಧ ಮೈಲಿ ನಡೆದರೂ ಮೊಣಕಾಲು ದಾಟದು.
ದೋಣಿಯ ತಳ ಕೆರೆಯುವ ಈ ನೀರನ್ನು
ಜೀವಮಾನವಿಡೀ ಶಪಿಸಿದ್ದೇನೆ.
ಈಗ ಅದೇ ನಿನ್ನ ಅರ್ಧ ಭಾರ ಹೊತ್ತಿತು, ಬಾಡಿಗೆ ಕೇಳದೆ.
ರಾತ್ರಿ ಹನ್ನೊಂದಕ್ಕೂ ಆರದ ಬೆಳಕಿನಲ್ಲಿ
ಪ್ಯಾಂಟು ಮಡಚಿದ ಮುದುಕ, ಕೂದಲು ಬೋಳಿಸಿದ ತೊಡೆಯ ನಾಯಿ.
ನೀರಿನ ಕೆಳಗೆ ನಿನ್ನ ಹಿಂಗಾಲು
ಮರೆತ ಹೆಸರೊಂದನ್ನು ಹುಡುಕುವಂತೆ
ಮಡಚಿತು, ಚಾಚಿತು, ಮಡಚಿತು.

ಆಮೇಲೆ ಒಂದು ಹಂಸ.
ನಾನು ಹಗ್ಗ ಬಿಟ್ಟದ್ದು ಒಂದೇ ಕ್ಷಣ.
ನೀನು ಹಾರಿದೆ, ಹಂಸವೂ ಹಾರಿತು,
ಕೆಳಗೆ ಬಿದ್ದವಳು ನೀನೊಬ್ಬಳೇ.
ಮತ್ತೆ ಶಾಲು, ಮತ್ತೆ ಐದು ಸಲ, ಮತ್ತೆ ಮೊದಲ ಹುಟ್ಟು.
ಹೆಲ್ವೆ ಆ ವಾರ ಬೈಯಲಿಲ್ಲ.
ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಬಡಗಿಯ ಟೇಪಿನಲ್ಲಿ ನಿನ್ನ ತೊಡೆ ಅಳೆದು
ದೋಣಿಯ ಅಳತೆಗಳ ನಡುವೆ ಬರೆದಿಡುತ್ತಿದ್ದೆ.
ಬಲಗಡೆ ಎರಡು ಬೆರಳು ಕಮ್ಮಿ. ಒಂದು ಬೆರಳು ಕಮ್ಮಿ.
ಆಗಸ್ಟಿನ ಕೊನೆಗೆ ಅಂಗೈಯಿಟ್ಟು ಕಣ್ಣು ಮುಚ್ಚಿದೆ.
ನಾನು ಕೆತ್ತದ, ಯಾರೂ ಕೆತ್ತದ ಜೋಡಣೆಯೊಂದು
ಒಳಗೆ ಸದ್ದಿಲ್ಲದೆ ತಿರುಗುತ್ತಿತ್ತು.
ಅಂಟಿಲ್ಲ, ಮೊಳೆಯಿಲ್ಲ.
ನಾನು ಟೋಪಿ ತೆಗೆದೆ, ಯಾಕೋ.

ಮೊನ್ನೆ ಎಂಡೆಲ್ ಬಂದ. ಹುಟ್ಟುಗಳನ್ನು ಸವರಿ ನೋಡಿದ.
"ಇದೇನು ಗೀರು?"
"ಉಗುರು," ಅಂದೆ.
ಅವನು ನಿನ್ನ ಕಡೆ ನೋಡಿದ, ಪೂರ್ತಿ ಹಣ ಎಣಿಸಿದ,
ಆರನ್ನೂ ಹೆಗಲಿಗೇರಿಸಿ ಹೋದ.

ಈಗ ಅಂಗಳ ಖಾಲಿ. ಇಟ್ಟಿಗೆಗಳನ್ನೂ ಎತ್ತಿಟ್ಟಿದ್ದೇನೆ.
ಬೆಳಿಗ್ಗೆ ಬಾಗಿಲು ತೆರೆದರೆ ನೀನು ಹೊರಡುತ್ತೀ,
ಸ್ವಲ್ಪ ಕುಂಟುತ್ತ, ಹುಲ್ಲಿನ ಬೋಳು ಜಾಗಕ್ಕೆ ಬಂದಾಗ
ಅರ್ಧ ಗೇಣು ಕಾಲೆತ್ತುತ್ತೀ,
ಒಂದು, ಎರಡು, ಮೂರು,
ಆರು.